ಓದುಗರ ಪ್ರಶ್ನೆಗೆ ಉತ್ತರ: ಅಮೆರಿಕದ ಕಡಲಿನಲ್ಲಿ ಮೀನಿನ ಲೆಕ್ಕ ಇಡುವವರು

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಉಳಿದ ತಿಂಗಳುಗಳಲ್ಲಿ ಎಷ್ಟು ಮೀನು ಹಿಡಿದಿರಿ ಎಂದು ಕೇಳುವವರಿಲ್ಲ. ಅಮೆರಿಕದಲ್ಲಿ ಒಂದೊಂದು ಮೀನಿಗೂ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿ ಇದೆಯಂತೆ. ನೀರೊಳಗಿನ ಮೀನನ್ನು ಲೆಕ್ಕ ಹಾಕುವುದು ಹೇಗೆ, ಆ ಮಿತಿಯನ್ನು ಗೊತ್ತುಮಾಡುವವರು ಯಾರು?
– ಓದುಗರೊಬ್ಬರು, ಮಲ್ಪೆ

ಉತ್ತರ: ಅಲ್ಲಿ ಈ ಹೊಣೆ ಹೊತ್ತಿರುವುದು ರಾಷ್ಟ್ರೀಯ ಸಾಗರ ಮೀನುಗಾರಿಕಾ ಸೇವೆ ಎಂಬ ಸಂಸ್ಥೆ. 1871ರಲ್ಲಿ ಸ್ಥಾಪನೆಯಾದ ಮೀನುಗಾರಿಕಾ ಆಯೋಗವೊಂದು ಇದರ ಮೂಲ. ಈಗಿನ ರೂಪ ಬಂದದ್ದು 1970ರಲ್ಲಿ. ‘ನೋವಾ’ ಎಂಬ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತದ ಅಂಗವಾದ್ದರಿಂದ ಮಾತಿನಲ್ಲಿ ಎಲ್ಲರೂ ‘ನೋವಾ ಫಿಶರೀಸ್’ ಎನ್ನುತ್ತಾರೆ. ಮೀನನ್ನು ಉಳಿಸುವ ಈ ಸಂಸ್ಥೆ ಪರಿಸರ ಇಲಾಖೆಯಡಿ ಇಲ್ಲ, ವಾಣಿಜ್ಯ ಇಲಾಖೆಯಡಿ ಇದೆ. ಮೀನನ್ನು ಉಳಿಸುವ ಕೆಲಸವೂ ಅದನ್ನು ಹಿಡಿದು ಮಾರುವ ಉದ್ಯಮದ ಕೆಲಸವೂ ಒಂದೇ ಕಚೇರಿಯ ಪಾಲಿಗೆ ಬಂದಿರುವುದರಿಂದ ಎರಡೂ ಕಡೆಯವರ ಬೈಗುಳವೂ ಅದಕ್ಕೇ.

ಇದರ ಅಧಿಕಾರಕ್ಕೆ ಬುನಾದಿ 1976ರ ಮ್ಯಾಗ್ನುಸನ್ ಕಾಯ್ದೆ. ದಡದಿಂದ 200 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆಯನ್ನು ಆ ಕಾಯ್ದೆ ಕೇಂದ್ರ ಸರ್ಕಾರದ ಹಿಡಿತಕ್ಕೆ ತಂದಿತು. ದಡಕ್ಕೆ ಹತ್ತಿರದ ನೀರು, ಹೆಚ್ಚಿನ ಕಡೆ ಮೂರು ಮೈಲಿಯಷ್ಟು, ಆಯಾ ರಾಜ್ಯಗಳಿಗೇ ಉಳಿಯಿತು. ಅದೇ ಕಾಯ್ದೆ ಎಂಟು ಪ್ರಾದೇಶಿಕ ಮಂಡಳಿಗಳನ್ನೂ ರಚಿಸಿತು. ರಾಜ್ಯಗಳ ಅಧಿಕಾರಿಗಳ ಜೊತೆಗೆ ಮೀನುಗಾರಿಕೆಯನ್ನೇ ವೃತ್ತಿಯಾಗಿ ಮಾಡಿಕೊಂಡವರೂ ಹವ್ಯಾಸಕ್ಕೆ ಗಾಳ ಹಾಕುವವರೂ ಅವುಗಳಲ್ಲಿ ಕೂರುತ್ತಾರೆ. ಯಾವ ಬಲೆ, ಯಾವ ಋತು, ಯಾರಿಗೆ ಎಷ್ಟು ಪಾಲು ಎಂಬ ಯೋಜನೆಯನ್ನು ಮಂಡಳಿ ಸಿದ್ಧಪಡಿಸುತ್ತದೆ. ಅದಕ್ಕೆ ಒಪ್ಪಿಗೆ ಕೊಟ್ಟು ಜಾರಿ ಮಾಡುವುದು ಸಂಸ್ಥೆ.

ಆದರೆ ಒಟ್ಟು ಎಷ್ಟು ಹಿಡಿಯಬಹುದು ಎಂಬುದು ಮಂಡಳಿಯ ಇಷ್ಟಕ್ಕೆ ಬಿಟ್ಟದ್ದಲ್ಲ. 2007ರ ಜನವರಿಯಲ್ಲಿ ಸಹಿಯಾದ ತಿದ್ದುಪಡಿಯ ಪ್ರಕಾರ ಬಹುತೇಕ ಎಲ್ಲ ಮೀನುಗಳಿಗೂ ವಾರ್ಷಿಕ ಮಿತಿ ಇರಬೇಕು, ಮತ್ತು ಮಂಡಳಿಯ ವಿಜ್ಞಾನ ಸಮಿತಿ ಹೇಳಿದ ಪ್ರಮಾಣವನ್ನು ಆ ಮಿತಿ ದಾಟುವಂತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವಾಳ ಇದೇ. ಹಂಚಿಕೆಯ ಜಗಳ ಮೀನುಗಾರರ ನಡುವೆ ಎಷ್ಟಾದರೂ ನಡೆಯಲಿ, ಹಂಚಬೇಕಾದ ರಾಶಿ ಎಷ್ಟು ದೊಡ್ಡದು ಎಂಬುದನ್ನು ಆ ಜಗಳ ತೀರ್ಮಾನಿಸಬಾರದು.

ಇನ್ನು ಲೆಕ್ಕದ ವಿಚಾರ. ಬಂದರಿಗೆ ಬಂದ ಮೀನಿನ ತೂಕವನ್ನಷ್ಟೇ ನಂಬಿದರೆ ದೋಣಿಗಳು ಎಲ್ಲಿಗೆ ಹೋದವು ಎಂಬುದು ತಿಳಿಯುತ್ತದೆಯೇ ಹೊರತು ಕಡಲಿನಲ್ಲಿ ಏನು ಉಳಿದಿದೆ ಎಂಬುದಲ್ಲ. ಆದ್ದರಿಂದ ಸಂಸ್ಥೆಯ ಹಡಗುಗಳು ಪ್ರತಿ ವರ್ಷವೂ ಒಂದೇ ಬಗೆಯ ಬಲೆಯನ್ನು, ಒಂದೇ ವೇಗದಲ್ಲಿ, ಅಷ್ಟೇ ಹೊತ್ತು ಎಳೆಯುತ್ತವೆ. ಈಶಾನ್ಯ ಕರಾವಳಿಯಲ್ಲಿ 1963ರಿಂದ ಬಹುತೇಕ ಪ್ರತಿ ಶರತ್ಕಾಲದಲ್ಲೂ ಈ ಸಮೀಕ್ಷೆ ನಡೆದುಬಂದಿದೆ. ಜಾಗಗಳನ್ನು ಚೀಟಿ ಎತ್ತಿದ ಹಾಗೆ ಆರಿಸುವುದರಿಂದ ಮೀನು ಸಿಗದ ಕಡೆಯೂ ಬಲೆ ಬೀಳುತ್ತದೆ. ಅಲ್ಲೇಕೆ ಬಲೆ ಬಿಡುತ್ತೀರಿ ಎಂದು ಮೀನುಗಾರರು ನಗುವುದೂ ಉಂಟು. ಸಿಕ್ಕ ಮೀನನ್ನು ತೂಗಿ, ಉದ್ದ ಅಳೆದು, ಕೆಲವುಗಳ ತಲೆ ಸೀಳಿ ಕಿವಿಯೊಳಗಿನ ಪುಟ್ಟ ಸುಣ್ಣದ ಹರಳನ್ನು ತೆಗೆಯುತ್ತಾರೆ. ಅದನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ವರ್ಷಕ್ಕೊಂದರಂತೆ ಬೆಳೆದ ಬಳೆಗಳು ಕಾಣುತ್ತವೆ, ಮೀನಿನ ವಯಸ್ಸು ತಿಳಿಯುತ್ತದೆ. ಮುದಿ ಮೀನು ಸಿಗುವುದೇ ನಿಂತಿದೆ ಎಂದಾದರೆ ಹಿಡಿತ ಮಿತಿಮೀರಿದೆ ಎಂಬುದಕ್ಕೆ ಅದೊಂದು ಪ್ರಬಲ ಸೂಚನೆ.

ಪ್ರಶ್ನೆ: ಹೀಗೆ ಮಿತಿ ಹಾಕಿದ ಮೇಲೆ ಅಲ್ಲಿ ಮೀನು ನಿಜವಾಗಿ ಹೆಚ್ಚಿದೆಯೇ? ಮೀನುಗಾರರು ಈ ಲೆಕ್ಕವನ್ನು ನಂಬುತ್ತಾರೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಕೆಲವು ಹೆಚ್ಚಿವೆ, ಕೆಲವು ಇಲ್ಲ. ಒಂದೇ ನೀರಿನ ಎರಡು ಉದಾಹರಣೆ ಕೊಡುತ್ತೇನೆ.

ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಜಾರ್ಜಸ್ ಬ್ಯಾಂಕ್ ಎಂಬ ಆಳವಿಲ್ಲದ ಕಡಲಿನಲ್ಲಿ ಕಾಡ್ ಮೀನು ಕುಸಿದಾಗ 1994ರ ಕೊನೆಯಲ್ಲಿ ವಿಶಾಲವಾದ ಪ್ರದೇಶಗಳನ್ನು ಮುಚ್ಚಲಾಯಿತು. ಕಾಡ್ ಮರಳಲಿ ಎಂದು ಮುಚ್ಚಿದ ಆ ಜಾಗದಲ್ಲಿ ನಾಲ್ಕೇ ವರ್ಷಗಳಲ್ಲಿ ಹತ್ತು ಪಟ್ಟಿಗೂ ಮೀರಿ ಬೆಳೆದದ್ದು ಸ್ಕ್ಯಾಲಪ್ ಎಂಬ ಚಿಪ್ಪುಜೀವಿ! ತಳದಲ್ಲೇ ನೆಲೆನಿಲ್ಲುವ, ಬೇಗ ಬಲಿಯುವ ಜೀವಿಗೆ ಮುಚ್ಚಿದ ಜಾಗ ಎಷ್ಟು ಉಪಕಾರಿ ಎಂಬುದು ಹೀಗೆ ಆಕಸ್ಮಿಕವಾಗಿ ಗೊತ್ತಾಯಿತು. ಅನಂತರ ಮರಿಗಳು ಹೆಚ್ಚಿರುವ ಪ್ರದೇಶವನ್ನು ಮುಚ್ಚಿ, ಅವು ಬಲಿತ ಮೇಲೆ ತೆರೆಯುವ ಸರದಿ ಪದ್ಧತಿ ಬಂತು. ಎಳೆಯವು ಜಾರಿ ಹೋಗುವಂತೆ ಹಿಡಿಯುವ ಸಾಧನದ ಉಕ್ಕಿನ ಬಳೆಗಳನ್ನು ನಾಲ್ಕು ಅಂಗುಲಕ್ಕೆ ಹಿಗ್ಗಿಸಲಾಯಿತು. 2001ರಲ್ಲಿ ಸ್ಕ್ಯಾಲಪ್ ಚೇತರಿಸಿಕೊಂಡಿದೆ ಎಂದು ಘೋಷಣೆಯಾಯಿತು. ನ್ಯೂ ಬೆಡ್‌ಫರ್ಡ್ ಬಂದರಿನ ಸಂಪತ್ತಿನಲ್ಲಿ ಇದರದ್ದೇ ಸಿಂಹಪಾಲು.

ಯಾವ ಕಾಡ್‌ಗಾಗಿ ಕಡಲು ಮುಚ್ಚಿದರೋ ಅದು ಮಾತ್ರ ಮರಳಲಿಲ್ಲ. ಜಾರ್ಜಸ್ ಬ್ಯಾಂಕಿನ ಪಕ್ಕದ ಮೇನ್ ಕೊಲ್ಲಿಯ ಕಾಡ್ ಬಗ್ಗೆಯೂ 2008ರ ಅಂದಾಜು ಆಶಾದಾಯಕವಾಗಿತ್ತು. 2011ರ ಅಂದಾಜು ಅದನ್ನು ತಲೆಕೆಳಗು ಮಾಡಿತು. ಅಂದರೆ ನಡುವಿನ ವರ್ಷಗಳಲ್ಲಿ ವಿಜ್ಞಾನಿಗಳ ಮಾತಿನಂತೆ ನಡೆದವರೂ ಹೆಚ್ಚೇ ಹಿಡಿದಿದ್ದರು. ಆ ಕೊಲ್ಲಿಯ ನೀರು ಜಗತ್ತಿನ ಬಹುಪಾಲು ಕಡಲುಗಳಿಗಿಂತ ಬೇಗ ಬಿಸಿಯಾಗುತ್ತಿದೆ. ತಣ್ಣೀರಿನ ಮೀನಾದ ಕಾಡ್‌ಗೆ ಅದು ಎರಡನೆಯ ಪೆಟ್ಟು. ಕಡಲಿನ ಬಿಸಿಗೆ ಯಾವ ಮಂಡಳಿಯೂ ಮಿತಿ ಹಾಕಲಾರದು.

ನಂಬಿಕೆಯ ಮಾತಿಗೆ ಬಂದರೆ, 2002ರಲ್ಲಿ ಸಮೀಕ್ಷೆಯ ಹಡಗಿನ ಬಲೆ ಎಳೆಯುವ ಎರಡು ಉಕ್ಕಿನ ಹಗ್ಗಗಳ ಅಳತೆಯ ಗುರುತುಗಳು ಸಮವಾಗಿಲ್ಲ, ಬಲೆ ಓರೆಯಾಗಿ ಸಾಗುತ್ತಿದೆ ಎಂಬುದು ಬಯಲಾಯಿತು. ಇದರಿಂದ ಲೆಕ್ಕ ಹೆಚ್ಚೇನೂ ಕೆಟ್ಟಿಲ್ಲ ಎಂದು ಸಂಸ್ಥೆ ಹೇಳಿದರೂ ಬಂದರುಗಳಲ್ಲಿ ಯಾರೂ ಒಪ್ಪಲಿಲ್ಲ. ಮುಂದೆ ಹೊಸ ಹಡಗಿನ ಬಲೆಯನ್ನು ರೂಪಿಸುವಾಗ ಮೀನುಗಾರರನ್ನೇ ಸಮಿತಿಯಲ್ಲಿ ಕೂರಿಸಿಕೊಂಡರು. ನಾನು ಕೇಳಿದರೆ ಅದನ್ನು ಮೊದಲೇ ಮಾಡಬಹುದಿತ್ತು ಎನ್ನುತ್ತೇನೆ. ಇನ್ನೊಂದು ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು: ಹೆರಿಂಗ್ ಎಂಬ ಮೀನನ್ನು ಹಿಡಿಯುವ ದೋಣಿಗಳಲ್ಲಿ ಹಿಡಿತದ ಲೆಕ್ಕ ಬರೆದುಕೊಳ್ಳಲು ಕೂರುವ ವೀಕ್ಷಕರ ಸಂಬಳವನ್ನು ದೋಣಿಯ ಮಾಲೀಕರೇ ಕೊಡಬೇಕೆಂದು ಸಂಸ್ಥೆ ನಿಯಮ ಮಾಡಿತ್ತು. ದಿನಕ್ಕೆ 700 ಡಾಲರಿಗೂ ಹೆಚ್ಚು ತೆರಬೇಕಾಗುತ್ತದೆ ಎಂದು ಮಾಲೀಕರು ದಾವೆ ಹೂಡಿದರು. ಕಾನೂನು ಅಸ್ಪಷ್ಟವಾಗಿದ್ದರೆ ಸರ್ಕಾರಿ ಸಂಸ್ಥೆಯ ವ್ಯಾಖ್ಯಾನಕ್ಕೆ ಮನ್ನಣೆ ಕೊಡಬೇಕೆಂಬ 1984ರ ತತ್ವವನ್ನೇ ನ್ಯಾಯಾಲಯ 2024ರ ಜೂನ್‌ನಲ್ಲಿ ಈ ನೆಪದಲ್ಲಿ ಕೈಬಿಟ್ಟಿತು. ಹೆರಿಂಗ್ ದೋಣಿಯ ತಕರಾರು ಅಲ್ಲಿನ ಎಲ್ಲ ಇಲಾಖೆಗಳನ್ನೂ ತಟ್ಟಿತು.

ಪ್ರಶ್ನೆ: ನಾವು ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ ಬೇಡವೆಂದದ್ದು ಏಕೆ? ಅವರ ಹಾಗೆ ನಾವೂ ಮೀನಿಗೆ ಮಿತಿ ಹಾಕಬಾರದೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಸಿಗಡಿಗೆ ಬಿಡುವ ಟ್ರಾಲ್ ಬಲೆಯಲ್ಲಿ ಕಡಲಾಮೆಗಳು ಸಿಲುಕಿ, ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತವೆ. ಬಲೆಯ ಕೊರಳಿನಲ್ಲಿ ಲೋಹದ ಸರಳುಗಳ ಚೌಕಟ್ಟನ್ನು ಓರೆಯಾಗಿ ಕೂರಿಸಿದರೆ ಸಿಗಡಿ ಸರಳುಗಳ ಸಂದಿಯಿಂದ ಒಳಸೇರುತ್ತದೆ, ಆಮೆ ಅದಕ್ಕೆ ತಾಗಿ ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ತನ್ನ ದೋಣಿಗಳಿಗೆ ಇದನ್ನು 1987ರ ನಿಯಮದಿಂದ ಕಡ್ಡಾಯ ಮಾಡಿದ ಅಮೆರಿಕ, 1989ರ ಕಾನೂನಿನಿಂದ ಇತರ ದೇಶಗಳಿಗೂ ಅದನ್ನೇ ಷರತ್ತಾಗಿಸಿತು. ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ದೂರಿದಾಗ, ಆಮೆಯ ರಕ್ಷಣೆ ತಪ್ಪಲ್ಲ, ಕೆರಿಬಿಯನ್ ದೇಶಗಳಿಗೆ ಮೂರು ವರ್ಷ ಕಾಲಾವಕಾಶ ಕೊಟ್ಟು ಏಷ್ಯಾದವರಿಗೆ ನಾಲ್ಕೇ ತಿಂಗಳು ಕೊಟ್ಟ ತಾರತಮ್ಯ ತಪ್ಪು ಎಂದು 1998ರಲ್ಲಿ ತೀರ್ಪಾಯಿತು. ನಮ್ಮ ದೋಣಿಗಳಲ್ಲಿ ಈ ಸಾಧನ ಬಳಕೆಯಲ್ಲಿಲ್ಲವೆಂದು ಅಮೆರಿಕ 2019ರಲ್ಲಿ ಕಡಲ ಸಿಗಡಿಗೆ ಬಾಗಿಲು ಮುಚ್ಚಿತು. ಕೆರೆಗಳಲ್ಲಿ ಸಾಕಿದ ಸಿಗಡಿಗೆ ಆ ಅಡ್ಡಿ ಬರಲಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ ಹೊಂದುವಂತಹ ಸಾಧನವನ್ನು ರೂಪಿಸಿದೆ. ಹೊನ್ನಾವರದ ಕಾಸರಕೋಡು ದಂಡೆಯಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುವುದು ನಿಮಗೆ ಗೊತ್ತೇ ಇದೆ. ಈ ಚೌಕಟ್ಟಿನ ಪ್ರಯೋಜನ ಪರದೇಶದ ಮಾರುಕಟ್ಟೆಗಷ್ಟೇ ಸೀಮಿತವಲ್ಲ.

ಒಂದೊಂದು ಜಾತಿಗೆ ಟನ್ನುಗಳ ಲೆಕ್ಕದಲ್ಲಿ ಮಿತಿ ಹಾಕುವುದು ಇಲ್ಲಿ ಕಷ್ಟ. ಅಲಾಸ್ಕದ ಒಂದು ಬಲೆಯಲ್ಲಿ ಬಹುಪಾಲು ಒಂದೇ ಜಾತಿಯ ಪೊಲಾಕ್ ಬರುತ್ತದೆ. ನಮ್ಮ ಟ್ರಾಲ್ ಬಲೆಯಲ್ಲಿ ಹತ್ತಾರು ಜಾತಿಗಳು ಬೆರೆತು ಬರುತ್ತವೆ, ಅವು ನೂರಾರು ಸಣ್ಣ ಧಕ್ಕೆಗಳಲ್ಲಿ ಇಳಿಯುತ್ತವೆ. ಹಾಗಾಗಿ ಇಲ್ಲಿ ಹಿಡಿತವನ್ನು ಕಾಲದಿಂದ, ಬಲೆಯ ಕಣ್ಣಿನ ಅಳತೆಯಿಂದ, ಮೀನಿನ ಕನಿಷ್ಠ ಗಾತ್ರದಿಂದ ನಿಯಂತ್ರಿಸುವುದೇ ಸೂಕ್ತ. ಬೆಳಕು ಹಾಯಿಸಿ ಹಿಡಿಯುವುದನ್ನೂ ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ಆದೇಶವನ್ನು ರಾತ್ರಿ ಹೊತ್ತು ಕಡಲಿನಲ್ಲಿ ಜಾರಿಗೆ ತರಲು ಬೇಕಾದ ಗಸ್ತು ದೋಣಿ ಮತ್ತು ಸಿಬ್ಬಂದಿಯ ಬೇಡಿಕೆಯನ್ನು ಮೀನುಗಾರರ ಸಂಘಗಳೇ ಮುಂದಿಟ್ಟರೆ ಮಿತಿಯ ಚರ್ಚೆ ಅಲ್ಲಿಂದ ಶುರುವಾದೀತು.