ಹದಿನಾರರ ಹುಡುಗಿಗೆ ಎಷ್ಟು ಅಗಲದ ಸ್ಕೀ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳಿಗೆ 16 ವರ್ಷ. ಎತ್ತರ 165 ಸೆಂ.ಮೀ., ತೂಕ 57 ಕೆ.ಜಿ. ಚಿಕ್ಕಂದಿನಿಂದ ಟಾಹೋದಲ್ಲಿ ಸ್ಕೀ ಮಾಡುತ್ತಿದ್ದಾಳೆ, ಎರಡು ವರ್ಷ ಜೂನಿಯರ್ ರೇಸ್ ತಂಡದಲ್ಲೂ ಇದ್ದಳು. ಈಗ ರೇಸ್ ಬಿಟ್ಟು ಅಲ್ಲಿನ ಪ್ಯಾಲಿಸೇಡ್ಸ್ ಟಾಹೋ ಸ್ಕೀ ತಾಣದ ಕಡಿದಾದ ಇಳಿಜಾರು, ಮರಗಳ ಸಂದಿ, ಸಣ್ಣಪುಟ್ಟ ಬಂಡೆಗಳಿಂದ ಹಾರುವುದು ಶುರುವಾಗಿದೆ. ವೇಗ ಜಾಸ್ತಿ, ಹೆದರಿಕೆ ಕಡಿಮೆ. ಗೆಳೆಯರ ಹತ್ತಿರ ಇರುವಂಥದ್ದೇ 108 ಮಿ.ಮೀ. ಅಗಲದ ಸ್ಕೀ ಬೇಕು ಎಂದು ಹಟ ಹಿಡಿದಿದ್ದಾಳೆ. ಅಂಗಡಿಯವರು ‘ಹೆಣ್ಣುಮಕ್ಕಳಿಗೆ ಇದು ಸಾಕು’ ಎಂದು 88 ಮಿ.ಮೀ. ಅಗಲ, 158 ಸೆಂ.ಮೀ. ಉದ್ದದ ಹಗುರವಾದ ಸ್ಕೀ ತೋರಿಸಿದರು. ಒಂದೇ ಜೊತೆ ಕೊಡಿಸಲು ಸಾಧ್ಯ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಎರಡೂ ಬೇಡ. ನಡುವಿನ ಅಗಲ 96ರಿಂದ 100 ಮಿ.ಮೀ., ಉದ್ದ 170 ಸೆಂ.ಮೀ. ಆಸುಪಾಸು, ಒಳಗೆ ಸ್ವಲ್ಪವಾದರೂ ಲೋಹದ ಪದರ. ಇಂಥದ್ದನ್ನು ಹುಡುಕಿ. ಅಂಗಡಿಯವರು ನಿಮ್ಮ ಮಗಳ ಓಟವನ್ನು ನೋಡದೆ ಅಳತೆ ಹೇಳಿದ್ದಾರೆ. ಮಗಳು ವರ್ಷದಲ್ಲಿ ಕೆಲವೇ ದಿನ ಸಿಗುವ ಹಿಮವನ್ನು ಮನಸ್ಸಿನಲ್ಲಿಟ್ಟುಕೊಂಡು ಅಳತೆ ಕೇಳುತ್ತಿದ್ದಾಳೆ. ಒಂದೇ ಜೊತೆ ಎಂದ ಮೇಲೆ ಅದು ಉಳಿದ ದಿನಗಳಿಗೂ ಆಗಬೇಕು.

ಮೊದಲು ಹಿಮದ ವಿಚಾರ. ಟಾಹೋ ಇರುವ ಸಿಯೆರಾ ನೆವಾಡಾ ಸಾಲಿಗೆ ಬರುವ ಮೋಡ ನೇರ ಪೆಸಿಫಿಕ್ ಸಾಗರದ್ದು. ಯೂಟಾ, ಕೊಲರಾಡೊದ ಒಣ ಪುಡಿಹಿಮ ಇಲ್ಲಿ ಅಪರೂಪ. ಬೀಳುವುದು ಹೆಚ್ಚಾಗಿ ತೇವ ತುಂಬಿದ ಭಾರದ ಹಿಮ. ಸ್ಥಳೀಯರು ಇದನ್ನು ‘ಸಿಯೆರಾ ಸಿಮೆಂಟ್’ ಎಂದೇ ಕರೆಯುತ್ತಾರೆ. 2022–23ರ ಚಳಿಗಾಲದಲ್ಲಿ ಡಾನರ್ ಪಾಸ್ ಹತ್ತಿರದ ಹಿಮ ಸಂಶೋಧನಾ ಕೇಂದ್ರ ಅಳೆದ ಹಿಮ 754 ಅಂಗುಲ, ಅಂದರೆ 19 ಮೀಟರಿಗೂ ಹೆಚ್ಚು. ಆ ಚಳಿಗಾಲವನ್ನು ಕಂಡ ಮಕ್ಕಳಿಗೆ ಅಗಲದ ಸ್ಕೀ ಮೇಲೆ ಮನಸ್ಸಾಗುವುದು ಸಹಜವೇ. ಆದರೆ ದೊಡ್ಡ ಬಿರುಗಾಳಿ ಬಂದ ದಿನ ಮೇಲಿನ ಲಿಫ್ಟುಗಳು ಗಾಳಿಗೆ ನಿಂತಿರುತ್ತವೆ. ಮರುದಿನ ಬೆಳಿಗ್ಗೆ ಕೆಟಿ-22 ಲಿಫ್ಟ್ ತೆರೆದರೆ ಮಧ್ಯಾಹ್ನದೊಳಗೆ ಹೊಸ ಹಿಮವೆಲ್ಲ ತುಳಿದು ಗುಡ್ಡೆಗುಡ್ಡೆಯಾಗಿರುತ್ತದೆ. ಆಮೇಲೆ ಬಿಸಿಲು, ರಾತ್ರಿ ಹೆಪ್ಪು, ಬೆಳಿಗ್ಗೆ ಕಲ್ಲಿನಂಥ ಮೇಲ್ಮೈ, ಹತ್ತು ಹನ್ನೊಂದರ ಹೊತ್ತಿಗೆ ಮೆತ್ತಗೆ. ನಿಮ್ಮ ಮಗಳು ಹೆಚ್ಚು ದಿನ ಸ್ಕೀ ಮಾಡುವುದು ಈ ಕಲಸುಮೇಲೋಗರದ ಮೇಲೆ.

ಇದಕ್ಕೆ 108 ಏಕೆ ಬೇಡ ಎನ್ನುತ್ತೇನೆ? ಬೂಟಿನ ಅಡಿಭಾಗದ ಅಗಲ ಸುಮಾರು 70 ಮಿ.ಮೀ. ಸ್ಕೀಯ ನಡು ಕೂಡ 70 ಇದ್ದರೆ, ವಾಲಿದಾಗ ಹಿಮವನ್ನು ಕಚ್ಚುವ ಉಕ್ಕಿನ ಅಂಚು ಸರಿಯಾಗಿ ಬೂಟಿನ ಅಂಚಿನ ಕೆಳಗೇ ಬರುತ್ತದೆ. ನಡು 108 ಆದರೆ ಆ ಅಂಚು ಬೂಟಿನಿಂದ ಎರಡು ಕಡೆಯೂ ಸುಮಾರು 19 ಮಿ.ಮೀ. ಆಚೆ ಹೋಗುತ್ತದೆ. ಮೆತ್ತನೆ ಹಿಮದಲ್ಲಿ ಇದರಿಂದ ತೊಂದರೆಯಿಲ್ಲ, ಅಲ್ಲಿ ಇಡೀ ಸ್ಕೀಯ ತಳ ಭಾರ ಹೊರುತ್ತದೆ. ಗಟ್ಟಿ ಹಿಮದಲ್ಲಿ ಮಾತ್ರ ಎಲ್ಲ ಭಾರವೂ ಅಂಚಿನ ಮೇಲೆ. ಆಗ ಸ್ಕೀ ಚಪ್ಪಟೆಯಾಗಿ ಮಲಗಲು ನೋಡುತ್ತದೆ, ಅದನ್ನು ವಾಲಿಸಿ ಹಿಡಿದಿಡುವ ಕೆಲಸ ಕಣಕಾಲಿಗೂ ಮಂಡಿಗೂ ಬೀಳುತ್ತದೆ. ಎರಡು ಮೂರು ಇಳಿತಕ್ಕೆ ಗೊತ್ತಾಗದು. ದಿನವಿಡೀ ಓಡಿ, ಸಂಜೆ ನಾಲ್ಕಕ್ಕೆ ಕಾಲು ಸೋತಿರುವಾಗ ಗೊತ್ತಾಗುತ್ತದೆ. ಹರೆಯದ ಹೆಣ್ಣುಮಕ್ಕಳಲ್ಲಿ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು ಎಂಬುದು ಕ್ರೀಡಾ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಹಾಗಾಗಿ ಈ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಹಾಗಂತ 88ರ ಹಗುರ ಸ್ಕೀಯೂ ಅವಳಿಗಲ್ಲ. ತುಳಿದು ಚೆಲ್ಲಾಪಿಲ್ಲಿಯಾದ ಭಾರದ ಹಿಮದಲ್ಲಿ ವೇಗವಾಗಿ ಹೋಗುವಾಗ ಹಗುರ ಸ್ಕೀಯ ಮೂತಿ ಪ್ರತಿ ಗುಡ್ಡೆಗೂ ಅತ್ತಿತ್ತ ತಳ್ಳಿಸಿಕೊಳ್ಳುತ್ತದೆ. ಮೆಲ್ಲಗೆ ಹೋಗುವವರಿಗೆ ಅದು ಗಮನಕ್ಕೂ ಬಾರದು, ಜೋರಾಗಿ ಹೋಗುವವರನ್ನು ಅದೇ ಬೀಳಿಸುತ್ತದೆ. ರೇಸ್ ಕಲಿತ ಹುಡುಗಿಗೆ ಅವಳ ಎತ್ತರಕ್ಕೂ ಬಾರದ 158ರ ಹಗುರ ಸ್ಕೀ ಕೊಟ್ಟರೆ ಅವಳು ಅದೇ ವೇಗದಲ್ಲಿ ಹೋಗುತ್ತಾಳೆ; ಕಾಲ ಕೆಳಗೆ ಹಿಡಿತ ಮಾತ್ರ ಇರುವುದಿಲ್ಲ.

ಲೋಹ ಎಂದೆ. ಸ್ಕೀ ಕಂಪನಿಗಳು ‘ಟೈಟನಾಲ್’ ಎಂದು ಬರೆದುಕೊಳ್ಳುವ ವಸ್ತು ಟೈಟಾನಿಯಂ ಅಲ್ಲ, ಅದು ಗಟ್ಟಿಯಾದ ಅಲ್ಯೂಮಿನಿಯಂ ಮಿಶ್ರಲೋಹ. ಮರದ ತಿರುಳಿನ ಮೇಲೆ ಕೆಳಗೆ ಇದರ ತೆಳು ತಗಡು ಅಂಟಿಸಿದರೆ ಸ್ಕೀಯ ನಡುಕ ತಗ್ಗುತ್ತದೆ, ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ, ಜೊತೆಗೆ ತೂಕ ಏರುತ್ತದೆ. ನಾರ್ಡಿಕಾದ ಎನ್‌ಫೋರ್ಸರ್ 100ರಲ್ಲಿ ಇಂಥ ಎರಡು ಪೂರ್ತಿ ತಗಡುಗಳಿದ್ದವು. ಎಂಬತ್ತು ಕೆ.ಜಿ.ಯ ಗಂಡಸಿಗೆ ಒಳ್ಳೆಯ ಸ್ಕೀ ಅದು. 57 ಕೆ.ಜಿ.ಯ ಹುಡುಗಿ ಮರಗಳ ನಡುವೆ ಚಟಕ್ಕನೆ ತಿರುಗಿಸಬೇಕಾದಾಗ ಭಾರ ಎನಿಸಬಹುದು. ಸ್ಕೀ ಬಾಗಬೇಕು. ಬಾಗಿಸಲು ಬೇಕಾದದ್ದು ಎತ್ತರ ಅಲ್ಲ, ತೂಕ ಮತ್ತು ವೇಗ. ಆದ್ದರಿಂದ ಅಂಚಿನುದ್ದಕ್ಕೆ ಅಥವಾ ಪಾದದ ಕೆಳಗೆ ಮಾತ್ರ ಲೋಹ ಇಟ್ಟ ಸ್ಕೀಗಳನ್ನು ಮೊದಲು ನೋಡಿ. ಫೋಲ್ಕ್ಲ್ ಕಂಪನಿಯ ಸೀಕ್ರೆಟ್ 96 ನನ್ನ ಮೊದಲ ಆಯ್ಕೆ: 96 ಮಿ.ಮೀ. ನಡು, 170ರ ಉದ್ದ ಸಿಗುತ್ತದೆ, ಲೋಹ ಚೌಕಟ್ಟಿನ ಹಾಗೆ ಅಂಚಿನಲ್ಲಿದೆ. ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವುದರಲ್ಲಿ ರೇಸ್ ಹುಡುಗಿಗೆ ಇದು ಪರಿಚಿತ ಅನ್ನಿಸುತ್ತದೆ. ಮರಗಳ ಸಂದಿ, ಹಾರುವುದು ಇದೇ ಹೆಚ್ಚು ಎಂದಾದರೆ ನಾರ್ಡಿಕಾದ ಸಾಂಟಾ ಆನಾ 98 (ಈಗ ಅದರ ಜಾಗಕ್ಕೆ 97 ಬಂದಿದೆ). ಲೋಹವೇ ಬೇಡ, ಆಟವಾಡುವ ಗುಣ ಇರಲಿ ಎಂದರೆ ಸಾಲೊಮನ್ ಕ್ಯೂಎಸ್‌ಟಿ 98. ಮೂರೂ ಬೇರೆ ಬೇರೆ ಸ್ವಭಾವದವು. ಬಾಡಿಗೆಗೆ ತೆಗೆದುಕೊಂಡು ಒಂದೊಂದು ದಿನ ಓಡಿಸಿ ನೋಡುವುದೇ ಸರಿ. ಟಾಹೋದ ಅನೇಕ ಅಂಗಡಿಗಳು ಆ ಡೆಮೊ ಬಾಡಿಗೆಯನ್ನು ಆಮೇಲೆ ಖರೀದಿಯಲ್ಲಿ ಕಳೆದುಕೊಡುತ್ತವೆ, ಮೊದಲೇ ಕೇಳಿಟ್ಟುಕೊಳ್ಳಿ.

‘ಹೆಣ್ಣುಮಕ್ಕಳ ಸ್ಕೀ’ ಎಂಬ ಹಣೆಪಟ್ಟಿಗೆ ಬೆಲೆ ಕೊಡಬೇಡಿ, ಹಾಗೆಂದು ಹೆದರಲೂಬೇಡಿ. ಕೆಲವು ಕಂಪನಿಗಳು ಗಂಡಸರ ಸ್ಕೀಯನ್ನೇ ಬೇರೆ ಬಣ್ಣದಲ್ಲಿ, ಗಿಡ್ಡ ಉದ್ದಗಳಲ್ಲಿ ಮಾರುತ್ತವೆ. ಕೆಲವು ಒಳಗಿನ ಮರ, ಲೋಹ ಎರಡನ್ನೂ ತೆಳು ಮಾಡುತ್ತವೆ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಬಾಲವನ್ನು ನೆಲಕ್ಕೆ ಊರಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದು ಕೈಯಿಂದ ನಡುವನ್ನು ಒತ್ತಿ. ಆಮೇಲೆ ಮೂತಿಯನ್ನು ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಳ್ಳುವ ಸ್ಕೀ ಗಟ್ಟಿ ಹಿಮದಲ್ಲಿ ಬೇಗ ಜಾರಿಬಿಡುತ್ತದೆ.

ಇನ್ನೊಂದು ಪರೀಕ್ಷೆಯನ್ನು ಅಂಗಡಿಯಲ್ಲೇ ಮಗಳ ಜೊತೆ ಮಾಡಿ. ಎರಡೂ ಸ್ಕೀಗಳನ್ನು ತಳಕ್ಕೆ ತಳ ಸೇರಿಸಿ ನಿಲ್ಲಿಸಿ, ಬದಿಯಿಂದ ನೋಡಿ. ಮಧ್ಯದಲ್ಲಿ ಬೆಳಕು ತೂರುವ ಸಣ್ಣ ಸಂದು ಇರುತ್ತದೆ. ಅದು ಕ್ಯಾಂಬರ್, ಗಟ್ಟಿ ಹಿಮದಲ್ಲಿ ಹಿಡಿತ ಕೊಡುವ ಬಾಗು. ಮೂತಿಯ ಕಡೆ ಸ್ಕೀಗಳು ಬೇಗನೆ ದೂರ ಸರಿದರೆ ಅದು ರಾಕರ್, ಮೆತ್ತನೆ ಹಿಮದಲ್ಲಿ ಮೂತಿ ಹೂತುಹೋಗದಂತೆ ತಡೆಯುವುದು. ಈ ಮೇಲ್ಬಾಗಿನ ಕಲ್ಪನೆಯನ್ನು ಸ್ಕೀ ಲೋಕಕ್ಕೆ ತಂದವರಲ್ಲಿ ಮುಖ್ಯರಾದ ಶೇನ್ ಮೆಕಾಂಕಿ ಇದೇ ಪ್ಯಾಲಿಸೇಡ್ಸ್‌ನಲ್ಲಿ, ಆಗಿನ ಸ್ಕ್ವಾ ವ್ಯಾಲಿಯಲ್ಲಿ, ಸ್ಕೀ ಮಾಡುತ್ತಿದ್ದವರು. ಮಗಳಿಗೆ ಹೇಳಿ, ಖುಷಿಪಡುತ್ತಾಳೆ. ಎರಡು ಸ್ಕೀಗಳು ಒಂದಕ್ಕೊಂದು ಮುಟ್ಟುವ ಜಾಗಗಳ ನಡುವಿನ ಅಂತರವೇ ಗಟ್ಟಿ ಹಿಮದಲ್ಲಿ ಕೆಲಸ ಮಾಡುವ ಉದ್ದ. ಮೂತಿಯಲ್ಲೂ ಬಾಲದಲ್ಲೂ ರಾಕರ್ ಹೆಚ್ಚಿರುವ 170ರ ಸ್ಕೀ ಅಲ್ಲಿ ಇನ್ನೂ ಗಿಡ್ಡ ಸ್ಕೀಯ ಹಾಗೆ ವರ್ತಿಸುತ್ತದೆ. ಹಾಗಾಗಿ 165 ಸೆಂ.ಮೀ. ಎತ್ತರದವಳಿಗೆ 170 ಉದ್ದವಾಯಿತು ಎಂದು ಯಾರಾದರೂ ಅಂದರೆ ಗಾಬರಿ ಬೇಡ. ಹದಿನಾರಕ್ಕೆ ಹುಡುಗಿಯರ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ, ಬೆಳೆಯಲಿ ಎಂದು ಇನ್ನೂ ಉದ್ದದ್ದು ತೆಗೆಯುವ ಕಾರಣವಿಲ್ಲ.

ಈಗ ನೀವು ಕೇಳದೇ ಇರುವುದು. ಅವಳ ಬೂಟು ಹೇಗಿದೆ? ಒಳಗಿನ ಲೈನರ್ ತೆಗೆದು, ಬರಿ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದೆ ತಾಗುವಂತೆ ನಿಲ್ಲಿಸಿ. ಹಿಮ್ಮಡಿಯ ಹಿಂದೆ ಒಂದೂವರೆ ಸೆಂ.ಮೀ. ಜಾಗ ಇದ್ದರೆ ಸರಿ. ಎರಡೂವರೆ ಇದ್ದರೆ ಬೂಟು ದೊಡ್ಡದು. ದೊಡ್ಡ ಬೂಟಿನಲ್ಲಿ ಯಾವ ಸ್ಕೀಯೂ ಮಾತು ಕೇಳುವುದಿಲ್ಲ. ಹಣ ಒಂದಕ್ಕೇ ಇದೆ ಎಂದಾದರೆ, ಬೂಟು ಸರಿಯಿಲ್ಲದಿದ್ದರೆ, ಈ ವರ್ಷ ಬೂಟು ಕೊಡಿಸಿ, ಸ್ಕೀ ಬಾಡಿಗೆಗೆ ತನ್ನಿ.

ಬೈಂಡಿಂಗ್‌ನಲ್ಲಿ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಡುವ ಕೊಂಡಿಯಲ್ಲಿ, ಮಾತ್ರ ರಾಜಿ ಬೇಡ. 4ರಿಂದ 13ರವರೆಗಿನ ಡಿನ್ ಅಳತೆಯ (ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಎಂಬ ಅಂಕಿ) ಬೈಂಡಿಂಗ್, ಉದಾಹರಣೆಗೆ ಮಾರ್ಕರ್ ಗ್ರಿಫನ್, ಅವಳಿಗೆ ಧಾರಾಳವಾಯಿತು. ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕ್ 100 ಅಥವಾ 110 ಮಿ.ಮೀ. ಅಗಲದ್ದು ಇರಲಿ. 90ರದ್ದು ಈ ಸ್ಕೀಗೆ ಕೂರುವುದಿಲ್ಲ, 130ರದ್ದು ಆಚೆ ಚಾಚಿಕೊಂಡು ಹಿಮಕ್ಕೆ ತಾಗುತ್ತದೆ. ಬೂಟಿನ ಅಡಿ ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ಮಾದರಿಯದೋ ಹಳೆಯ ಮಾದರಿಯದೋ ಎಂದು ನೋಡಿ, ಬೈಂಡಿಂಗ್ ಅದಕ್ಕೆ ಹೊಂದಬೇಕು. ಕಟ್ಟಿಸುವಾಗ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಸ್ಕೀ ಮಾಡುವ ರೀತಿ ಇಷ್ಟನ್ನೂ ಕೇಳಿ ಬಿಡುಗಡೆಯ ಅಂಕಿ ಲೆಕ್ಕ ಹಾಕುತ್ತಾರೆ. ಹದಿಹರೆಯದ ಮಕ್ಕಳು ನಾಲ್ಕು ಜನರೆದುರು ತೂಕ ಹೇಳಲು ಹಿಂಜರಿದು ಐದು ಕೆ.ಜಿ. ಕಡಿಮೆ ಹೇಳುವುದುಂಟು. ಚೀಟಿಯಲ್ಲಿ ಬರೆದುಕೊಡಲು ಹೇಳಿ, ಆದರೆ ನಿಜವನ್ನೇ ಬರೆಯಲಿ. ಹಾಗೆಯೇ ಗೆಳೆಯರು ಸ್ಕ್ರೂಡ್ರೈವರ್ ಹಿಡಿದು ‘ಹಾರುವಾಗ ಕಳಚಿಕೊಳ್ಳುತ್ತದೆ’ ಎಂದು ಅಂಕಿ ಏರಿಸಲು ಬಂದರೆ ಬಿಡಬಾರದು. ಬೈಂಡಿಂಗ್ ಮೊಣಕಾಲ ಕೆಳಗಿನ ಮೂಳೆ ಮುರಿಯುವುದನ್ನು ಬಹಳ ಮಟ್ಟಿಗೆ ತಪ್ಪಿಸಿದೆ. ಎಸಿಎಲ್ ಅನ್ನು ಅದು ಕಾಪಾಡುತ್ತದೆಂಬ ಖಾತರಿ ಸರಿಯಾದ ಅಂಕಿಯಲ್ಲೂ ಇಲ್ಲ.

ಮರಗಳ ನಡುವೆ ಹೋಗುತ್ತಾಳೆ ಎಂದಿರಲ್ಲ, ಅದಕ್ಕೆ ಇಷ್ಟು ಸೇರಿಸುತ್ತೇನೆ. ಭಾರಿ ಹಿಮ ಬಿದ್ದಾಗ ಸೂಚಿಪರ್ಣಿ ಮರಗಳ ಬುಡದಲ್ಲಿ, ಕೊಂಬೆಗಳ ಮರೆಯಲ್ಲಿ, ಸಡಿಲ ಹಿಮದ ಗುಂಡಿ ಉಳಿದಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವರು ಸ್ವಂತ ಶಕ್ತಿಯಿಂದ ಹೊರಬರುವುದು ತೀರಾ ಕಷ್ಟ, ಉಸಿರುಗಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಜೊತೆಗಾರರು ಸದಾ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. ಕೆಳಗೆ ಲಿಫ್ಟ್ ಹತ್ತಿರ ಸಿಗೋಣ ಎಂಬ ಒಪ್ಪಂದ ಸಾಲದು. ಕೊರಳಿಗೊಂದು ಸೀಟಿ ಇರಲಿ.

ಖರೀದಿಗೆ ಒಳ್ಳೆಯ ಕಾಲ ಮಾರ್ಚ್, ಏಪ್ರಿಲ್. ಆ ವರ್ಷದ ಮಾದರಿಗಳೂ ಡೆಮೊ ಸ್ಕೀಗಳೂ ಗಣನೀಯವಾಗಿ ಇಳಿದ ಬೆಲೆಗೆ ಸಿಗುತ್ತವೆ. ಹಳೆಯದು ಕೊಳ್ಳುವಾಗ ಅಂಚಿನ ಉಕ್ಕು ಎಲ್ಲಾದರೂ ಬಿರುಕು ಬಿಟ್ಟಿದೆಯೇ, ತಳದಲ್ಲಿ ಕಲ್ಲಿಗೆ ತಾಗಿ ಒಳಗಿನ ಮರ ಕಾಣುತ್ತಿದೆಯೇ, ಬೈಂಡಿಂಗ್ ಕೆಳಗೆ ಹಳೆಯ ರಂಧ್ರಗಳಿವೆಯೇ ನೋಡಿಕೊಳ್ಳಿ.

ಪ್ರಶ್ನೆ: ನನಗೆ 24, ಬೆಂಗಳೂರಿನಲ್ಲಿ ಕೆಲಸ. ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿತು ಈಗ ಗೊಂಡೋಲಾದ ಎರಡನೇ ಹಂತದಿಂದ ಇಳಿಯುತ್ತಿದ್ದೇನೆ. ಮೇಲಿನ ಅಳತೆ ನನಗೂ ಆಗುತ್ತದೆಯೇ?

ಉತ್ತರ: ಇಲ್ಲ, ನಿಮಗೆ 105ರ ಮೇಲಿನದೇ ಸರಿ. ಆ ಗೊಂಡೋಲಾ ಏರುವ ಅಫರ್ವಾಟ್ ಬೆಟ್ಟದ ಮೇಲೆ ಯಂತ್ರದಿಂದ ಸಮ ಮಾಡಿದ ದಾರಿಗಳು ಕಡಿಮೆ, ಎತ್ತರ ಹೆಚ್ಚು, ಜನವರಿ–ಫೆಬ್ರುವರಿಯ ಹಿಮ ಟಾಹೋದ್ದಕ್ಕಿಂತ ಒಣ. ಆದರೆ ಕೊಳ್ಳಬೇಡಿ, ವರ್ಷಕ್ಕೆ ಒಂದೆರಡು ಪ್ರವಾಸಕ್ಕಾಗಿ ಸ್ಕೀಯನ್ನು ವಿಮಾನದಲ್ಲಿ ಹೊತ್ತೊಯ್ಯುವುದಕ್ಕಿಂತ ಬೂಟು ಮಾತ್ರ ಸ್ವಂತದ್ದು ಇಟ್ಟುಕೊಂಡು ಸ್ಕೀಯನ್ನು ಅಲ್ಲೇ ಬಾಡಿಗೆಗೆ ಪಡೆಯಿರಿ. ಉಳಿದ ಹಣವನ್ನು ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ಟ್ರಾನ್ಸ್‌ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ, ಅವುಗಳನ್ನು ಬಳಸುವ ತರಬೇತಿಗೆ ಹಾಕಿ. 2023 ಮತ್ತು 2024ರ ಫೆಬ್ರುವರಿಗಳಲ್ಲಿ ಅದೇ ಇಳಿಜಾರುಗಳಲ್ಲಿ ವಿದೇಶಿ ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಗಸ್ತಿನವರು ಆ ದಿನ ಮುಚ್ಚಿದ ಕಡೆಗೆ, ಸ್ಥಳೀಯ ಗೈಡ್ ಕರೆದರೂ, ಹೋಗಬೇಡಿ.