ನಾಲ್ವರ ತಂಡಕ್ಕೆ ಐದನೆಯವ ಬಂದಾಗ

(ಸಂಪಾದಕರ ಉತ್ತರ)

ಕುಮಟಾದ ಮಾಸ್ತರರಿಗೆ ನಮಸ್ಕಾರ.

‘ಆರ್ಥರ್ ದಿ ಕಿಂಗ್’ ಚಿತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ನಮ್ಮ ಬರಹ ಓದಿ ನೀವು ಬರೆದ ಪತ್ರ ಕೈಸೇರಿತು. (ಕಾಡು, ಹೊಳೆ ಹಾಯುವ ದೂರದ ಪಂದ್ಯವೊಂದರಲ್ಲಿ ನಾಲ್ವರ ತಂಡದ ಬೆನ್ನು ಹತ್ತಿದ ಆರ್ಥರ್ ಎಂಬ ಬೀದಿನಾಯಿಯ ಕತೆ ಅದು.) ಅಂಚಿನಲ್ಲೂ ಜಾಗ ಬಿಡದೆ ಬರೆದಿದ್ದೀರಿ. ಪೂರ್ತಿ ಅಚ್ಚು ಹಾಕಲು ಪುಟ ಸಾಲದು. ಹಾಗಾಗಿ ಉಳಿದ ಓದುಗರಿಗೆ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ನೀವು ಹೈಸ್ಕೂಲಿನ ಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತಲೇ ನಿವೃತ್ತರಾದ ದೈಹಿಕ ಶಿಕ್ಷಕರು. ನಿಮ್ಮ ಪ್ರಕಾರ ಆ ನಾಯಿ ಆಟಗಾರನ ಬೆನ್ನು ಹತ್ತಿದ್ದು ಸ್ನೇಹಕ್ಕಲ್ಲ, ಒಂದು ಮಾಂಸದ ಉಂಡೆಗೆ. ಗೆಲ್ಲುವ ಪಂದ್ಯವನ್ನು ಬೀದಿನಾಯಿಗಾಗಿ ಬಿಟ್ಟುಕೊಟ್ಟವ ನಾಯಕನೇ ಅಲ್ಲ. ನಡೆದದ್ದನ್ನು ತಿರುಚಿದ ಚಿತ್ರಕ್ಕೆ ‘ನಿಜಕತೆ’ ಎಂಬ ಹೊಗಳಿಕೆ ಸಲ್ಲದು. ಇದನ್ನು ನೋಡಿದ ಹುಡುಗರು ನಾಳೆ ಬಿಸ್ಕೀಟು ಪೊಟ್ಟಣ ಹಿಡಿದು ಕಡಲದಂಡೆಯ ನಾಯಿಗಳನ್ನು ಮಾತಾಡಿಸಲು ಹೊರಟರೆ, ಕಚ್ಚಿದ ಮೇಲೆ ಹೊಣೆ ಯಾರದ್ದು? ಇದಿಷ್ಟೇ ಅಲ್ಲದೆ, ‘ನಮ್ಮದೇ ಚಾರ್ಲಿ ಇರುವಾಗ ಪರದೇಶದ ನಾಯಿ ಯಾಕೆ’ ಎಂದು ಕೊನೆಯಲ್ಲೊಂದು ಕುಟುಕು.

ತಿರುಚಿದ್ದರ ಮಾತನ್ನು ಮೊದಲು ಮುಗಿಸಿಬಿಡೋಣ. ಅಲ್ಲಿ ನಮ್ಮಿಬ್ಬರ ನಡುವೆ ದೊಡ್ಡ ಜಗಳವಿಲ್ಲ. ನಿಜವಾದ ಆಟಗಾರ ಸ್ವೀಡನ್ನಿನ ಮಿಕಾಯೆಲ್ ಲಿಂಡ್‌ನೋರ್ಡ್. ಪಂದ್ಯ 2014ರ ನವೆಂಬರಿನಲ್ಲಿ ಈಕ್ವೆಡಾರಿನಲ್ಲಿ ನಡೆದ ಅಡ್ವೆಂಚರ್ ರೇಸಿಂಗ್ ವಿಶ್ವ ಚಾಂಪಿಯನ್‌ಶಿಪ್. ಸೈಮನ್ ಸೆಲ್ಲನ್ ಜೋನ್ಸ್ ನಿರ್ದೇಶಿಸಿ 2024ರ ಮಾರ್ಚಿನಲ್ಲಿ ತೆರೆಗೆ ಬಂದ ಚಿತ್ರದಲ್ಲಿ ಆತ ಅಮೆರಿಕದ ಮೈಕಲ್ ಲೈಟ್ ಆಗಿದ್ದಾನೆ. ಆ ಪಾತ್ರ ಮಾರ್ಕ್ ವಾಲ್‌ಬರ್ಗ್ ಅವರದು. ಪಂದ್ಯ ಡೊಮಿನಿಕನ್ ರಿಪಬ್ಲಿಕ್ಕಿಗೆ ಸ್ಥಳಾಂತರವಾಗಿದೆ. ಊರು, ಹೆಸರು ಬದಲಾದದ್ದು ನನಗೇನೂ ಚುಚ್ಚಲಿಲ್ಲ. ಚುಚ್ಚಿದ್ದು ಸ್ಥಾನ. ಚಿತ್ರದಲ್ಲಿ ಗೆಲುವು ಕೈಗೆಟುಕುವಂತಿದೆ. ನಿಜದಲ್ಲಿ ಆ ತಂಡ ಬಂದದ್ದು 12ನೆಯದಾಗಿ. ದೊಡ್ಡ ಬಹುಮಾನ ಕಳೆದುಕೊಂಡರೆ ಮಾತ್ರ ತ್ಯಾಗ ಎಂದು ಸಿನಿಮಾದವರು ನಂಬಿದ್ದಾರೆ. ಪದಕದ ಆಸೆಯೂ ಇಲ್ಲದ, ಮೈಯೆಲ್ಲ ಹಣ್ಣಾದ, ಒಮ್ಮೆ ಮುಗಿದರೆ ಸಾಕು ಎನ್ನುವ ಹೊತ್ತಿನಲ್ಲಿ ಇನ್ನೊಂದು ಜೀವಕ್ಕಾಗಿ ನಿಲ್ಲುವುದು ಅದಕ್ಕಿಂತ ಕಷ್ಟ ಎಂದು ನನಗನ್ನಿಸುತ್ತದೆ. ಓಟದಲ್ಲಿ ಹಿಂದೆ ಬಿದ್ದ ಹುಡುಗರನ್ನು ನನಗಿಂತ ಹೆಚ್ಚು ಕಂಡವರು ನೀವು.

ಈಗ ನಾಯಕನ ಪ್ರಶ್ನೆ. ಇಲ್ಲಿ ನಾನು ನಿಮ್ಮ ಜತೆ ಇಲ್ಲ, ಮಾಸ್ತರೇ.

ನೀವು 1,500 ಮೀಟರ್ ಓಟದ ಕಣ್ಣಿನಲ್ಲಿ ಈ ಚಿತ್ರ ನೋಡಿದ್ದೀರಿ. ಅಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬ ಹಾಯ್ದು ಹೋಗಬೇಕು, ತಪ್ಪೇನಿಲ್ಲ. ಅಡ್ವೆಂಚರ್ ರೇಸ್‌ನ ಕಾನೂನೇ ಬೇರೆ. ತಂಡಕ್ಕೆ ನಾಲ್ವರು. ಬರೀ ಗಂಡಸರ ಅಥವಾ ಬರೀ ಹೆಂಗಸರ ತಂಡ ನಡೆಯುವುದಿಲ್ಲ, ಕೂಡಿರಬೇಕು. ನಡಿಗೆ, ಸೈಕಲ್, ಕಯಾಕು ಎಂಬ ಹುಟ್ಟುಹಾಕುವ ಕಿರುದೋಣಿ, ಹಗ್ಗ ಹಿಡಿದು ಏರಿಳಿಯುವುದು ಎಲ್ಲವೂ ಸರದಿಯಲ್ಲಿ ಬರುತ್ತವೆ. ದಾರಿಗೆ ನಕ್ಷೆ ಮತ್ತು ದಿಕ್ಸೂಚಿ, ಅಷ್ಟೇ. ಗಡಿಯಾರ ಹಗಲೂ ರಾತ್ರಿಯೂ ಓಡುತ್ತಿರುತ್ತದೆ. ಮಲಗಬೇಕೋ ಬೇಡವೋ, ಎಷ್ಟು ಹೊತ್ತು, ತಂಡದವರೇ ತೀರ್ಮಾನಿಸಬೇಕು. ಈಕ್ವೆಡಾರಿನ ದಾರಿ ಸುಮಾರು 700 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕಾರವಾರದ ಕಾಳಿ ಅಳಿವೆಯಿಂದ ಹೊರಟು ಅಣಶಿ ಘಟ್ಟ ಹತ್ತಿ, ದಾಂಡೇಲಿ, ಯಲ್ಲಾಪುರ, ಶಿರಸಿ ಹಾಯ್ದು, ದೇವಿಮನೆ ಘಟ್ಟ ಇಳಿದು ನಿಮ್ಮ ಕುಮಟಾ ಮುಟ್ಟಿದರೂ ಅರ್ಧ ಮುಗಿಯುವುದಿಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ನಾಲ್ವರೂ ಒಟ್ಟಿಗೇ ಸಾಗಬೇಕು, ಒಟ್ಟಿಗೇ ಗುರಿ ಮುಟ್ಟಬೇಕು. ಎಲ್ಲರಿಗಿಂತ ನಿಧಾನ ಇರುವವನ ವೇಗವೇ ತಂಡದ ವೇಗ. ಚಿತ್ರದಲ್ಲಿ ದಾರಿ ಹೇಳುವ ಚಿಕ್ ಎಂಬವನ ಮಂಡಿ ಕೆಟ್ಟಿದೆ, ಆದರೂ ಅವನನ್ನು ಬಿಟ್ಟು ಓಡುವ ಮಾತೇ ಏಳುವುದಿಲ್ಲ. ಹೀಗಿರುವಾಗ ಕಾಯುವುದನ್ನು ಆಟಕ್ಕೆ ಬಗೆದ ದ್ರೋಹ ಎನ್ನುವುದು ಹೇಗೆ? ಈ ಆಟದಲ್ಲಿ ಕಾಯುವುದೂ ಆಟವೇ. ನಾಲ್ವರಿಗಾಗಿ ಮಾಡಿದ ನಿಯಮವನ್ನು ಆ ಮನುಷ್ಯ ಐದನೆಯವನಿಗೂ ಹಚ್ಚಿದ, ಅಷ್ಟೇ.

ಚಿತ್ರದ ಮೊದಲ ಭಾಗ ನೆನಪಿಸಿಕೊಳ್ಳಿ. ಅಲ್ಲಿ ಇದೇ ಮೈಕಲ್ ಜತೆಗಾರರ ಮಾತು ಕೇಳದೆ ಹಟ ಹಿಡಿದು, ಇಡೀ ತಂಡವನ್ನು ಕಯಾಕು ಸಮೇತ ಕೆಸರಿನಲ್ಲಿ ಹೂತು ಹಾಕುತ್ತಾನೆ. ಆ ಫೋಟೊ ಊರೆಲ್ಲ ಹರಿದಾಡಿ ಮಾನ ಹೋಗುತ್ತದೆ. (ಅಘನಾಶಿನಿಯ ಇಳಿತದಲ್ಲಿ ಬಳಚು ಹೆಕ್ಕುವ ಹೆಂಗಸರು ಯಾರಾದರೂ ಅಲ್ಲಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.) ನಿಮ್ಮ ಅರ್ಥದ ‘ಗೆಲ್ಲಲೇಬೇಕು’ ಎನ್ನುವ ನಾಯಕ ಅವನಾಗಿದ್ದದ್ದು ಆಗ. ಬಾಯಿಲ್ಲದ ಪ್ರಾಣಿಯ ಸಲುವಾಗಿ ನಿಲ್ಲಲು ಕಲಿತ ಮೇಲೆಯೇ ಅವನು ಬಾಯಿದ್ದವರ ಮಾತನ್ನೂ ಕೇಳುತ್ತಾನೆ. ಕತ್ತಲಲ್ಲಿ ಪ್ರಪಾತದ ಅಂಚಿಗೆ ನಡೆದವರನ್ನು ನಾಯಿ ಬೊಗಳಿ ತಡೆಯುವ ದೃಶ್ಯವನ್ನು ನೀವು ‘ಸಿನಿಮೀಯ’ ಎಂದಿದ್ದೀರಿ. ಸಿನಿಮೀಯವೇ. ಆದರೆ ಆ ಹೊತ್ತಿಗೆ ಅವನು ಬೊಗಳನ್ನು ಕಿವಿಗೆ ಹಾಕಿಕೊಳ್ಳುವವನಾಗಿದ್ದ ಎಂಬುದೂ ಅಲ್ಲಿದೆ.

ಒಂದು ಮಾತಿಗೆ ಮಾತ್ರ ನೀವು ಲಿಂಡ್‌ನೋರ್ಡ್‌ನನ್ನು ಹಿಡಿಯಬಹುದು. ಕೊನೆಯ ಹಂತದಲ್ಲಿ ಸುಮಾರು 58 ಕಿಲೋಮೀಟರ್ ಕಯಾಕು ಹೊಡೆಯಬೇಕಿತ್ತು. ನಾಯಿಯನ್ನು ನೀರಿಗೆ ಒಯ್ಯಬೇಡಿ ಎಂದು ಸಂಘಟಕರು ಹೇಳಿದ್ದರು. ಇವರು ಬಿಟ್ಟು ಹೊರಟದ್ದೂ ನಿಜ. ಅದು ನೀರಿಗೆ ಹಾರಿ ಈಜುತ್ತ ಬೆನ್ನು ಬಿಡಲಿಲ್ಲ, ಕೊನೆಗೆ ಎತ್ತಿ ಹಾಕಿಕೊಂಡರು. ಹೊತ್ತು ಕಳೆದನೆಂದು ಅವನನ್ನು ಬಯ್ಯಬೇಡಿ. ಸೂಚನೆ ಮೀರಿದನೆಂದು ಬೇಕಾದರೆ ಬಯ್ಯಿರಿ. ಶಿಳ್ಳೆ ಊದಿ ಬದುಕಿದವರಿಗೆ ಆ ಹಕ್ಕಿದೆ.

ಮಾಂಸದ ಉಂಡೆಯ ವಿಷಯ. ಹಸಿವಿನಿಂದ ಶುರುವಾಯಿತು ಎನ್ನುವುದನ್ನು ಲಿಂಡ್‌ನೋರ್ಡ್ ಕೂಡ ಅಲ್ಲಗಳೆದಿಲ್ಲ, ತಾನು ಒಂದು ಉಂಡೆ ಕೊಟ್ಟೆನೆಂದು ಅವನೇ ಹೇಳಿದ್ದಾನೆ. ಆದರೆ ಲೆಕ್ಕ ಹಾಕಿ ನೋಡಿ. ಬೆನ್ನ ಮೇಲೆ ಗಾಯವಾಗಿ ಸೊರಗಿದ ನಾಯಿಗೆ ಊರೊಳಗಿನ ತಿಪ್ಪೆಯೇ ಲಾಭ. ಒಂದು ತುತ್ತಿಗಾಗಿ ಕೆಸರು, ಕಾಡು, ಹೊಳೆ ಹಾಯ್ದು ದಿನಗಟ್ಟಲೆ ನಡೆದರೆ ತಿಂದದ್ದಕ್ಕಿಂತ ಕರಗಿದ್ದೇ ಹೆಚ್ಚು. ಹೊಟ್ಟೆಯ ಲೆಕ್ಕ ಇಲ್ಲಿ ಕೂಡುವುದಿಲ್ಲ. ಕೋಲ್ಕತ್ತಾದ ಐಸರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಮತ್ತು ಸಂಗಡಿಗರು ನಮ್ಮದೇ ದೇಶದ ಬೀದಿನಾಯಿಗಳನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. 2017ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ಅಪರಿಚಿತರು ಕೆಲವು ನಾಯಿಗಳಿಗೆ ತಿನ್ನಲು ಕೊಟ್ಟರು, ಕೆಲವಕ್ಕೆ ತಲೆ ಸವರಿದರು. ಮತ್ತೆ ಮತ್ತೆ ಭೇಟಿಯಾದಾಗ ತಿಂದವುಗಳಿಗಿಂತ ತಲೆ ಸವರಿಸಿಕೊಂಡವುಗಳೇ ಆ ಮನುಷ್ಯನನ್ನು ಹೆಚ್ಚು ನಂಬಿದ್ದವು. ಕಲ್ಲು ತಿಂದು ಬೆಳೆದ ನಾಯಿಗೆ ಕೈ ಮೆತ್ತಗಿರುವುದೇ ಅಪರೂಪದ ಸುದ್ದಿ ಇರಬೇಕು.

ಇನ್ನು ಬಿಸ್ಕೀಟಿನ ಹುಡುಗರು. ಪತ್ರದ ಈ ಭಾಗವನ್ನು ಓದಿ ನಾನು ತಲೆಯಾಡಿಸಿದೆ. ಕಾಗಾಲಿನ ಕಡೆಯಿಂದ ಗೋಕರ್ಣದವರೆಗೆ ದಂಡೆಯುದ್ದಕ್ಕೂ ನಡೆಯುವ ಚಾರಣಿಗರನ್ನು ನೀವು ಮನೆಯ ಹತ್ತಿರವೇ ಕಾಣುತ್ತೀರಿ. ನಾಯಿ ಯಾರದ್ದೂ ಅಲ್ಲ. ಯಾರೋ ಬ್ಯಾಗಿನಿಂದ ಏನೋ ಎಸೆಯುತ್ತಾರೆ, ಅದು ಬಾಲ ಆಡಿಸುತ್ತ ಹೊರಡುತ್ತದೆ. ಗುಡ್ಡ ಹತ್ತಿ, ಬಂಡೆ ಇಳಿದು, ಫೋಟೊಕ್ಕೆ ನಿಂತು, ಎಲ್ಲ ಸೊಗಸು. ಅಘನಾಶಿನಿಯಲ್ಲಿ ತದಡಿಗೆ ದಾಟುವ ತಾರಿ ಬಂದಾಗ ಕತೆ ಮುಗಿಯಿತು. ಜನ ದೋಣಿ ಹತ್ತುತ್ತಾರೆ, ನಾಯಿ ಈಚೆ ದಡದಲ್ಲಿ. ಕುಡ್ಲೆಯಿಂದ ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ದಂಡೆಗೆ ನಡೆಯುವವರ ಹಿಂದೆ ಹೋದ ನಾಯಿಗಳ ಪಾಡೂ ಇಷ್ಟೇ. ಜನ ದೋಣಿ ಮಾಡಿಕೊಂಡು ವಾಪಸಾಗುತ್ತಾರೆ. ಅದು ಬೇರೆ ನಾಯಿಗಳ ಸೀಮೆಯಲ್ಲಿ ಒಂಟಿ. ಬೀದಿನಾಯಿಗಳಿಗೆ ಗಡಿ ಇದೆ, ಗಡಿ ದಾಟಿದ ಅಪರಿಚಿತನಿಗೆ ಕಚ್ಚಾಟ ತಪ್ಪಿದ್ದಲ್ಲ. ಸೆಕೆ ಬೇರೆ. ನಮಗೆ ಮೈತುಂಬ ಬೆವರುತ್ತದೆ, ನಾಯಿಗೆ ನಾಲಗೆ ಚಾಚಿ ಏದುಸಿರು ಬಿಡುವುದೇ ಮುಖ್ಯ ಉಪಾಯ. ಕರಾವಳಿಯ ತೇವದ ಗಾಳಿಯಲ್ಲಿ ಅದೂ ಅರ್ಧ ಕೆಲಸ ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಮನುಷ್ಯ ನಡೆದಷ್ಟು ದೂರ ನಾಯಿ ನಡೆದರೆ ಅದರ ಜೀವಕ್ಕೇ ಸಂಚಕಾರ. ಶಿರಸಿ, ಸಿದ್ದಾಪುರದ ಕಾಡಿಗೆ ನಾಯಿ ಕರೆದೊಯ್ಯುವವರಿಗೆ ಉಣುಗಿನ ಮಾತು ಹೇಳಬೇಕಾಗಿಲ್ಲ, ಅದರಿಂದ ಹರಡುವ ಮಂಗನ ಕಾಯಿಲೆಯ ಹೆದರಿಕೆ ಅಲ್ಲಿ ಮನೆ ಮನೆಗೂ ಗೊತ್ತು.

ಹಾಗಾಗಿ ಚಾರಣ ಹೊರಡುವ ಹುಡುಗರಿಗೆ ಹೇಳಿ: ಹೊರಡುವ ಜಾಗದಲ್ಲಿ ಏನೂ ಎಸೆಯಬೇಡಿ. ಮಲಗಿದ್ದ, ಮರಿ ಹಾಕಿದ, ಗಾಯವಾದ ನಾಯಿಯನ್ನು ಮುಟ್ಟಬೇಡಿ. ಕಚ್ಚಿದರೆ, ಹಲ್ಲು ತಾಗಿದರೂ ಸಾಕು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತುವ ಅಜ್ಜಿಯರ ಮಾತು ಈ ಒಂದು ವಿಷಯದಲ್ಲಿ ಬೇಡ. ರೋಗ ಹತ್ತಿ ಲಕ್ಷಣ ಕಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ.

ಆದರೆ ಮಾಸ್ತರೇ, ಇದಕ್ಕೆಲ್ಲ ಚಿತ್ರವನ್ನು ಹೊಣೆ ಮಾಡುವುದು ನ್ಯಾಯವಲ್ಲ. ಚಿತ್ರದ ಮೇಲೆ ನನ್ನ ತಕರಾರು ಬೇರೆಯೇ. ಪಂದ್ಯ ಮುಗಿದ ಮೇಲಿನದನ್ನು ಅದು ಗಡಿಬಿಡಿಯಲ್ಲಿ ದಾಟಿಸಿಬಿಡುತ್ತದೆ. ನಿಜದಲ್ಲಿ ಅಸಲು ಕತೆ ಇದ್ದದ್ದು ಅಲ್ಲೇ. ಪಶುವೈದ್ಯರು, ಗಾಯದ ಚಿಕಿತ್ಸೆ, ಸ್ವೀಡನ್ನಿಗೆ ಒಯ್ಯಲು ಸರ್ಕಾರದ ಅನುಮತಿ, ಅದಾದ ಮೇಲೆ ನಾಲ್ಕು ತಿಂಗಳ ಪ್ರತ್ಯೇಕವಾಸ. ಗುರಿ ಮುಟ್ಟಿ, ಫೋಟೊ ತೆಗೆಸಿಕೊಂಡು, ಅಳು ಒರೆಸಿಕೊಂಡು ವಿಮಾನ ಹತ್ತುವುದು ಅವನಿಗೆ ಸುಲಭವಿತ್ತು, ಯಾರೂ ಬಯ್ಯುತ್ತಿರಲಿಲ್ಲ. ಅವನು ಕಚೇರಿಗಳ ಬಾಗಿಲು ತಟ್ಟಿದ. ಆರ್ಥರ್ ಸ್ವೀಡನ್ನಿನಲ್ಲಿ ಅವನ ಮನೆಯವರ ಜತೆ ಬಾಳಿ 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಆ ಕೆಲವು ದಿನಗಳ ಓಟವನ್ನು ನಂಬುವಂತೆ ಮಾಡುವುದು ಈ ಆರು ವರ್ಷ. ತಾರಿಯ ಬಳಿ ಬಿಟ್ಟು ಹೋಗುವವರಿಗೂ ಅವನಿಗೂ ಇರುವ ಅಂತರ ಬಿಸ್ಕೀಟಿನದಲ್ಲ, ಇದರದ್ದು.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಹೆದ್ದಾರಿ ಬದಿಯ ಮಣ್ಣಿನ ರಾಶಿಯಲ್ಲಿ ತನ್ನವರನ್ನು ಹುಡುಕುತ್ತಿದ್ದ ನಾಯಿಯ ಸುದ್ದಿ ನೀವೂ ಓದಿದ್ದೀರಿ. ಜಿಲ್ಲೆಗೆ ಜಿಲ್ಲೆಯೇ ಮರುಗಿತು. ಮೊಬೈಲಿನಲ್ಲಿ ವಿಡಿಯೊ ಹಂಚಿದವರು ಅಸಂಖ್ಯ. ಕೊನೆಗೆ ಅದನ್ನು ಮನೆಗೆ ಕರೆದೊಯ್ದವರು ಒಬ್ಬ ಪೊಲೀಸ್ ಅಧಿಕಾರಿ. ನಮ್ಮಲ್ಲಿ ಇಂಥ ಚಿತ್ರ ಮಾಡುವವರಿದ್ದರೆ ಆ ಅಧಿಕಾರಿಯ ಮನೆಯ ಮೊದಲ ವಾರದಿಂದ ಶುರು ಮಾಡಲಿ ಎಂದು ನನ್ನಾಸೆ.

ಚಾರ್ಲಿಯ ಮಾತು. ಕಿರಣ್‌ರಾಜ್ ಕೆ. ನಿರ್ದೇಶನದ, ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರ ಜೂನಿನಲ್ಲಿ ಬಂದಾಗ ನಾನೂ ಕರವಸ್ತ್ರ ಒದ್ದೆ ಮಾಡಿಕೊಂಡವನೇ. ಒಂಟಿ ಮನುಷ್ಯನೊಬ್ಬ ಕಾಯಿಲೆಯ ನಾಯಿಗೆ ಹಿಮ ತೋರಿಸಲು ಹೊರಡುವ ಕತೆಗೆ ಸಮನಾದ ತೂಕ ಈ ಇಂಗ್ಲಿಷ್ ಚಿತ್ರಕ್ಕಿಲ್ಲ, ಒಪ್ಪಿದೆ. ಆದರೆ ಅಲ್ಲಿ ಸಾವು ಮೊದಲಿಂದಲೂ ನಮ್ಮ ಕೊರಳು ಹಿಡಿದಿರುತ್ತದೆ. ಇಲ್ಲಿ ನಾಯಿ ಸುಮ್ಮನೆ ನಡೆಯುತ್ತದೆ. ಉಕೈ ಎಂಬ ಆ ನಾಯಿನಟ ಕುಂಟುವುದು, ಕೂರುವುದು, ತಿರುಗಿ ನೋಡುವುದು ಮಾತ್ರ ಮಾಡಿಯೂ ದೊಡ್ಡ ನಟರನ್ನು ಬದಿಗೆ ಸರಿಸುತ್ತದೆ. ದುಃಖವೆಂದರೆ ತಂಡಕ್ಕೂ ಅದಕ್ಕೂ ಭೇಟಿ ಮಾಡಿಸಲು ನಿರ್ದೇಶಕರು ತುಂಬ ಹೊತ್ತು ತೆಗೆದುಕೊಂಡಿದ್ದಾರೆ. ಅಲ್ಲಿಯವರೆಗೆ ನಾಯಿಯದು ಒಂದು ಸಿನಿಮಾ, ಮನುಷ್ಯರದು ಇನ್ನೊಂದು.

ಕೊನೆಯ ಪುಟದಲ್ಲಿ, ಇಷ್ಟೆಲ್ಲ ಬಯ್ದ ಮೇಲೆ, ಹಳೆಯ ಶಾಲೆಯ ಹುಡುಗರಿಗೆ ಇದನ್ನು ತೋರಿಸಬಹುದೇ ಎಂದು ಕೇಳಿದ್ದೀರಿ. ತೋರಿಸಿ. ಅಲ್ಲಲ್ಲಿ ಬಯ್ಗುಳವಿದೆ, ಎಂಟನೇ ತರಗತಿಯ ಮೇಲಿನವರಿಗಾದರೆ ಅಡ್ಡಿಯಿಲ್ಲ. ಇಂಗ್ಲಿಷ್ ಮಾತು ಬೇಗ ಬೇಗ ಓಡುತ್ತದೆ, ನಡುವೆ ನಿಲ್ಲಿಸಿ ನೀವೇ ಕನ್ನಡದಲ್ಲಿ ಹೇಳುತ್ತ ಹೋಗಬೇಕಾದೀತು. ಕೆಸರಿನ ದೃಶ್ಯ ಮುಗಿದ ಕೂಡಲೆ ನಿಲ್ಲಿಸಿ, ತಪ್ಪು ಯಾರದೆಂದು ಕೇಳಿ. ಮಕ್ಕಳು ಏನಂದರೆಂದು ಬರೆದು ಕಳಿಸಿದರೆ ಬರುವ ಸಂಚಿಕೆಯಲ್ಲಿ ಜಾಗ ಕಾದಿರಿಸುತ್ತೇನೆ. ಈ ಸಲ ದಯವಿಟ್ಟು ಅಂಚು ಬಿಟ್ಟು ಬರೆಯಿರಿ, ಅಕ್ಷರ ಜೋಡಿಸುವವರು ಗೋಳಾಡುತ್ತಿದ್ದಾರೆ.

— ಸಂ.