ಕಡಿಮೆ ಗುರುತು ಹಾಕಿ ಬಂದೆ, ಈಗೇನು ಮಾಡಲಿ?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ಗೃಹಿಣಿ, ವಯಸ್ಸು 36. ಮನೆಯಲ್ಲಿ ರೇಷ್ಮೆ ಸಾಕಣೆ ಇದೆ. ಖಿನ್ನತೆಗೆಂದು ಕೋಲಾರದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಐದು ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಮಾತಿಗೆ ಮೊದಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ತುಂಬಿಸುತ್ತಾರೆ. ನಾಲ್ಕು ಸಲವೂ ಅಂಕ 15, 16ರಲ್ಲೇ ನಿಂತಿತ್ತು. ಅಷ್ಟು ಒಳ್ಳೆಯವರು ಬೇಸರ ಮಾಡಿಕೊಂಡಾರೆಂದು ಐದನೇ ಸಲ ಬೇಕೆಂದೇ ಕಡಿಮೆ ಗುರುತು ಹಾಕಿದೆ. ಅಂಕ 9 ಬಂತು, ಅವರು ಸಂತೋಷಪಟ್ಟರು. ಗುಣವಾಗಿಲ್ಲ ಎಂದು ಈಗ ಹೇಳಬಹುದೆ? ಈ ಹಾಳೆಯಿಂದ ನಿಜವಾಗಿ ಉಪಯೋಗವಿದೆಯೆ?

ಉತ್ತರ: ದಯವಿಟ್ಟು ಹೇಳಿ. ಮುಂದಿನ ಭೇಟಿಯ ಮೊದಲ ಮಾತೇ ಅದಾಗಲಿ. ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಕಾಳಜಿಯಿಂದ ನೋಡಿಕೊಳ್ಳುವವರ ಮುಂದೆ ‘ಏನೂ ವಾಸಿಯಾಗಿಲ್ಲ’ ಎನ್ನಲು ನಮ್ಮ ಕಡೆಯ ಜನರಿಗೆ ಬಾಯಿ ಬರುವುದಿಲ್ಲ. ಆದರೆ ಆ ಹಾಳೆ ಇರುವುದೇ ಈ ಮಾತನ್ನು ಹೇಳುವುದಕ್ಕಾಗಿ.

2001ರಿಂದ ಬಳಕೆಯಲ್ಲಿರುವ ಈ ಪ್ರಶ್ನಾವಳಿ ಕಳೆದ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27 ಅಂಕ. 15ರಿಂದ 19ರವರೆಗಿನ ಅಂಕ ಸಾಕಷ್ಟು ತೀವ್ರವಾದ ಖಿನ್ನತೆಯನ್ನು ಸೂಚಿಸುತ್ತದೆ, 5 ಅಂಕಗಳ ಇಳಿಕೆಯನ್ನು ಅರ್ಥಪೂರ್ಣ ಸುಧಾರಣೆ ಎಂದು ಪರಿಗಣಿಸಲಾಗುತ್ತದೆ. ಹೀಗಿರುವಾಗ 16ರಿಂದ 9ಕ್ಕೆ ಬಂದ ಅಂಕವನ್ನು ನೋಡಿದ ಚಿಕಿತ್ಸಕಿ ದಾರಿ ಸರಿಯಾಗಿದೆ ಎಂದೇ ನಂಬಿ, ಬದಲಿಸಬೇಕಿದ್ದ ವಿಧಾನವನ್ನೇ ಮುಂದುವರಿಸುತ್ತಾರೆ. ನಷ್ಟ ನಿಮಗೇ.

ಇಷ್ಟು ಅನುಭವವಿರುವವರಿಗೆ ಮುಖ ನೋಡಿದರೆ ತಿಳಿಯುವುದಿಲ್ಲವೆ ಎಂದು ನೀವು ಕೇಳಬಹುದು. ತಿಳಿಯುವುದು ಕಷ್ಟ. ಅಮೆರಿಕದ ಮೈಕೆಲ್ ಲ್ಯಾಂಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಳಿ ಬರುವವರಲ್ಲಿ ಯಾರ ಸ್ಥಿತಿ ಹದಗೆಡಬಹುದೆಂದು ಚಿಕಿತ್ಸಕರನ್ನೇ ಮುಂಚಿತವಾಗಿ ಕೇಳಲಾಗಿತ್ತು. 550 ಜನರಲ್ಲಿ 40 ಜನರ ಸ್ಥಿತಿ ಹದಗೆಟ್ಟಿತು. ಚಿಕಿತ್ಸಕರು ಹೆಸರಿಸಿದ್ದು 3 ಜನರನ್ನು ಮಾತ್ರ, ಅದರಲ್ಲೂ ನಿಜವಾದದ್ದು ಒಂದೇ. ಅವರೇನೂ ಅಸಡ್ಡೆಯವರಲ್ಲ. ಎದುರಿಗೆ ಕುಳಿತವರು ಒಳ್ಳೆಯದಾಗಲೆಂದು ಹಂಬಲಿಸುವ ಮನಸ್ಸಿಗೆ ಕೆಡುಕಿನ ಸುಳಿವು ಸುಲಭವಾಗಿ ಕಾಣುವುದಿಲ್ಲ, ಅಷ್ಟೆ.

ಪ್ರತಿ ಭೇಟಿಯಲ್ಲೂ ಹಾಳೆ ತುಂಬಿಸಿ ಅಂಕ ನೋಡುವ ಈ ಕ್ರಮದ ಒಟ್ಟಾರೆ ಲಾಭ ಸಾಧಾರಣ ಮಟ್ಟದ್ದೇ; ಹೆಚ್ಚಿನ ಅನುಕೂಲ ಕಂಡುಬಂದಿರುವುದು, ನಿರೀಕ್ಷೆಯಂತೆ ಚೇತರಿಸಿಕೊಳ್ಳದೆ ಹಿಂದೆ ಉಳಿದವರಲ್ಲಿ, ಅಂದರೆ ನಿಮ್ಮಂಥವರಲ್ಲಿ. ಅದೂ ಚಿಕಿತ್ಸಕರು ಅಂಕವನ್ನು ಅಂದೇ ನೋಡಿ, ನಿಮ್ಮೊಡನೆ ಮಾತನಾಡಿ, ಬೇಕಾದುದನ್ನು ಬದಲಿಸಿದಾಗ. ತುಂಬಿಸಿಕೊಂಡ ಹಾಳೆ ನೇರವಾಗಿ ಫೈಲಿಗೆ ಸೇರುತ್ತಿದ್ದರೆ, ‘ಇದರಲ್ಲಿ ನಿಮಗೆ ಏನು ಕಾಣುತ್ತಿದೆ?’ ಎಂದು ಕೇಳುವ ಹಕ್ಕು ನಿಮಗಿದೆ.

ನೀವು ರೇಷ್ಮೆ ಸಾಕುವವರಾದ್ದರಿಂದ ಇನ್ನೊಂದು ವಿಷಯ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುವ ವಾರದಲ್ಲಿ ಯಾರಿಗೆ ತಾನೆ ಸರಿಯಾಗಿ ನಿದ್ದೆ ಬರುತ್ತದೆ? ಮೂರನೇ ಪ್ರಶ್ನೆ ನಿದ್ದೆಯದು, ನಾಲ್ಕನೆಯದು ಸುಸ್ತಿನದು. ಇವೆರಡರಿಂದಲೇ 6 ಅಂಕ ಸೇರಬಹುದು. ಗೂಡು ಮಾರಿದ ಮೇಲೂ ಬೆಳಗಿನ ಜಾವ ಎಚ್ಚರವಾಗಿ ಮನಸ್ಸು ಭಾರವಾಗುತ್ತಿದ್ದರೆ ಅದರ ಅರ್ಥ ಬೇರೆ. ಗುರುತನ್ನು ಅನಿಸಿದಂತೆಯೇ ಹಾಕಿ, ಕಾರಣವನ್ನು ಬಾಯಲ್ಲಿ ಹೇಳಿ. ಮನೆಮಾತು ತೆಲುಗಾಗಿದ್ದು ಕನ್ನಡದ ವಾಕ್ಯಗಳು ತೊಡಕೆನಿಸಿದರೆ ತೆಲುಗಿನ ಹಾಳೆಯೂ ಸಿಗುತ್ತದೆ.

ಐದು ಭೇಟಿಯ ನಂತರವೂ ಅಂಕ ಕದಲದಿರುವುದಕ್ಕೆ ನೀವು ಕಾರಣವೆಂದಾಗಲಿ ಅವರು ಕಾರಣವೆಂದಾಗಲಿ ತೀರ್ಮಾನಿಸಬೇಡಿ. ಚಿಕಿತ್ಸೆಯ ಗುರಿ ನಿಮಗೆ ಬೇಕಾದದ್ದೇ ಆಗಿದೆಯೆ, ಹೇಳಿಕೊಳ್ಳಲಾಗದೆ ಉಳಿದ ಸಂಗತಿ ಇದೆಯೆ, ವಿಧಾನ ಒಗ್ಗುತ್ತಿದೆಯೆ ಎಂಬುದನ್ನು ಇಬ್ಬರೂ ಕೂತು ನೋಡಬೇಕು. ಭೇಟಿಯ ಕೊನೆಗೆ ತುಂಬಿಸುವ, 10 ಸೆಂಟಿಮೀಟರಿನ ನಾಲ್ಕೇ ಗೆರೆಗಳ ಇನ್ನೊಂದು ಮಾಪನವೂ ಇದೆ. ‘ನನ್ನ ಮಾತನ್ನು ಕೇಳಿಸಿಕೊಂಡರೆ?’ ಎಂಬಂಥ ಪ್ರಶ್ನೆಗಳಿಗೆ ಗೆರೆಯ ಮೇಲೆ ಒಂದು ಗುರುತು ಹಾಕಿದರೆ ಸಾಕು, ಸಂಕೋಚದವರಿಗೆ ಇದು ಅನುಕೂಲ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಔಷಧಿ ಬೇಕೆ ಎಂಬುದನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಹೇಳಬಲ್ಲರು.

ಒಂದು ವಿಷಯದಲ್ಲಿ ಮಾತ್ರ ಮುಂದಿನ ಭೇಟಿಯವರೆಗೆ ಕಾಯಬೇಡಿ. ಸಾಯುವ ಅಥವಾ ತನಗೇ ನೋವು ಮಾಡಿಕೊಳ್ಳುವ ಯೋಚನೆಯನ್ನು ಕೇಳುವ ಒಂಬತ್ತನೇ ಪ್ರಶ್ನೆಗೂ ನೀವು ಕಡಿಮೆ ಗುರುತು ಹಾಕಿದ್ದರೆ ಇಂದೇ ಅವರಿಗೆ ಫೋನ್ ಮಾಡಿ ತಿಳಿಸಿ. ಅವರು ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣ ಕೊಡಬೇಕಿಲ್ಲ.